ಇಷ್ಟವಿಯೋಗ: ಶೋಕ, ಸಾಂತ್ವನ ಮತ್ತು ಶ್ರಾವಕಧರ್ಮ

ಹುಟ್ಟಿದ ಜೀವಿಗೆ ಮರಣವು ತಪ್ಪದು, ಕೂಡಿದ ಬಂಧುಗಳಿಗೆ ಅಗಲಿಕೆಯು ತಪ್ಪದು ಎಂಬುದನ್ನು ಅರಿಯದ ಜೈನ ಗೃಹಸ್ಥನು ಇರಲಾರನು. ಪಾಠಶಾಲೆಯ ಬಾಲಕನೂ ಹನ್ನೆರಡು ಭಾವನೆಗಳ ಹೆಸರನ್ನು ತಪ್ಪದೆ ಒಪ್ಪಿಸಬಲ್ಲನು. ಆದರೂ ಹರೆಯದ ಮಗನೋ, ಕೈಹಿಡಿದ ಸಂಗಾತಿಯೋ, ಮನೆಗೆ ಆಸರೆಯಾಗಿದ್ದ ಹಿರಿಯನೋ ಅಗಲಿದ ದಿನ ಆ ಅರಿವು ಎದೆಗೆ ಇಳಿಯದೆ ನಾಲಗೆಯ ತುದಿಯಲ್ಲೇ ನಿಂತುಬಿಡುತ್ತದೆ. ತಿಳಿದಿದ್ದ ತತ್ತ್ವವು ಬೇಕಾದ ಹೊತ್ತಿನಲ್ಲಿ ಏಕೆ ನೆರವಿಗೆ ಬರಲಿಲ್ಲ? ತತ್ತ್ವವು ಸುಳ್ಳೇ, ತಿಳಿದವನ ಶ್ರದ್ಧೆಯು ಟೊಳ್ಳೇ, ಇಲ್ಲವೆ ಅದನ್ನು ಹೇಳಿದ ರೀತಿಯಲ್ಲಿ ಏನಾದರೂ ತಪ್ಪಿದೆಯೇ? ಧರ್ಮಜಿಜ್ಞಾಸುಗಳು ಈ ಪ್ರಶ್ನೆಯನ್ನು ಶಾಂತಚಿತ್ತದಿಂದ ವಿಚಾರಿಸುವುದು ಅವಶ್ಯವಾಗಿದೆ.

ಹಿರೇಕೆರೂರು ತಾಲ್ಲೂಕಿನ ಹಂಸಭಾವಿಯಂಥ ಊರಿನಲ್ಲಿ ಈ ಪ್ರಶ್ನೆಗೆ ಇನ್ನೊಂದು ಮುಖವೂ ಉಂಟು. ಮಹಾನಗರದಲ್ಲಿ ದುಃಖಿತನಾದವನು ಜನಜಂಗುಳಿಯಲ್ಲಿ ಮರೆಯಾಗಬಲ್ಲನು; ಅವನ ಮುಖವನ್ನು ಗುರುತಿಸುವವರು ಕಡಿಮೆ. ಸಣ್ಣ ಊರಿನಲ್ಲಿ ಆ ಮರೆ ಇಲ್ಲ. ಅದೇ ಬಸ್ ನಿಲ್ದಾಣ, ಅದೇ ಪೇಟೆಯ ಬೀದಿ, ಮಗನು ಓದುತ್ತಿದ್ದ ಅದೇ ಶಾಲೆಯ ಗಂಟೆ, ಗಂಡನು ಕುಳಿತಿರುತ್ತಿದ್ದ ಅದೇ ಅಂಗಡಿಯ ಗಾದಿ. ಅಗಲಿದವರ ಗುರುತು ಹೆಜ್ಜೆಹೆಜ್ಜೆಗೂ ಎದುರಾಗುತ್ತದೆ. ಊರು ಗಾಯವನ್ನು ದಿನವೂ ಮುಟ್ಟುತ್ತದೆ. ಆ ಗಾಯವನ್ನು ಮಾಯಿಸುವ ಶಕ್ತಿಯೂ ಅದೇ ಊರಿಗೆ ಇದೆ, ಏಕೆಂದರೆ ಅಲ್ಲಿ ಪ್ರತಿಯೊಬ್ಬರಿಗೂ ಪ್ರತಿಯೊಬ್ಬರ ಮನೆಯ ಬಾಗಿಲು ಗೊತ್ತು.

ಈ ಭಾಗದ ಆಡುಮಾತಿನಲ್ಲಿ ಒಂದು ಅರ್ಥವತ್ತಾದ ಪದವಿದೆ. ಸಾವು ಸಂಭವಿಸಿದ ಮನೆಗೆ ನೆಂಟರಿಷ್ಟರು ಹೋಗುವುದನ್ನು ‘ಮಾತಾಡಿಸಿ ಬರುವುದು’ ಎನ್ನುತ್ತಾರೆ. ಹಿರಿಯರು ‘ಮಾತಾಡಿ ಬರುವುದು’ ಎನ್ನಲಿಲ್ಲ. ಹೋದವನು ಮಾತಾಡುವುದಕ್ಕಾಗಿ ಹೋಗುವುದಲ್ಲ, ದುಃಖದಲ್ಲಿರುವವನನ್ನು ಮಾತಾಡಿಸುವುದಕ್ಕಾಗಿ ಹೋಗುವುದು. ಆದರೆ ಇಂದು ನಡೆಯುತ್ತಿರುವುದೇನು? ಬಂದವರು ಕುಳಿತ ಕೂಡಲೇ ‘ಎಲ್ಲವೂ ಕರ್ಮದ ಫಲ’, ‘ಅವರ ಋಣ ತೀರಿತು’, ‘ಅಳಬಾರದು, ಅತ್ತರೆ ಕರ್ಮಬಂಧ’ ಎಂದು ಉಪದೇಶವನ್ನು ಆರಂಭಿಸುತ್ತಾರೆ. ಅರ್ಧ ಗಂಟೆಯಲ್ಲಿ ಎದ್ದು ಹೋಗುತ್ತಾರೆ. ಮನೆಯವಳ ಬಾಯಿಂದ ಒಂದು ಮಾತೂ ಹೊರಟಿರುವುದಿಲ್ಲ. ಹೇಳಿದ್ದರಲ್ಲಿ ಸುಳ್ಳೇನೂ ಇಲ್ಲ. ಹಾಗಿದ್ದರೂ ಅದು ಧರ್ಮವಾಯಿತೇ ಎಂಬುದೇ ಇಲ್ಲಿಯ ವಿಚಾರ.

ಶಾಸ್ತ್ರವು ಶೋಕವನ್ನು ಹೇಗೆ ಕಾಣುತ್ತದೆ

ಜೈನ ಕರ್ಮಸಿದ್ಧಾಂತದಲ್ಲಿ ಶೋಕಕ್ಕೆ ನಿಶ್ಚಿತವಾದ ಸ್ಥಾನವಿದೆ. ಚಾರಿತ್ರಮೋಹನೀಯ ಕರ್ಮದ ಭೇದಗಳಲ್ಲಿ ಕ್ರೋಧ, ಮಾನ, ಮಾಯಾ, ಲೋಭಗಳೆಂಬ ಕಷಾಯಗಳಲ್ಲದೆ ಒಂಬತ್ತು ನೋಕಷಾಯಗಳನ್ನು ಹೇಳಲಾಗಿದೆ. ಹಾಸ್ಯ, ರತಿ, ಅರತಿಗಳ ಸಾಲಿನಲ್ಲಿಯೇ ಶೋಕವೂ ಬರುತ್ತದೆ. ಹಿಂದೆ ಕಟ್ಟಿಕೊಂಡ ಕರ್ಮವು ಉದಯಕ್ಕೆ ಬಂದಾಗ, ಬಾಹ್ಯ ನಿಮಿತ್ತವಾಗಿ ವಿಯೋಗವು ಒದಗಿದಾಗ, ಶೋಕವು ಹುಟ್ಟುತ್ತದೆ. ನಗುವು ತಾನಾಗಿ ಬರುವಂತೆ ಅಳುವೂ ತಾನಾಗಿ ಬರುತ್ತದೆ. ಬಂದ ಅಳುವಿಗಾಗಿ ಒಬ್ಬಳು ತಾಯಿಯನ್ನು ‘ಶ್ರದ್ಧೆ ಇಲ್ಲದವಳು’ ಎಂದು ತೂಗಿ ನೋಡಲು ಶಾಸ್ತ್ರದಲ್ಲಿ ಆಧಾರವಿಲ್ಲ.

ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯವು ಆರ್ತಧ್ಯಾನವನ್ನು ನಾಲ್ಕು ಬಗೆಯಾಗಿ ವಿಂಗಡಿಸುತ್ತದೆ. ಅಪ್ರಿಯವಾದುದು ಬಂದು ಸೇರಿದಾಗ ಅದು ತೊಲಗಲೆಂದು ಚಿಂತಿಸುವುದು ಒಂದು; ಪ್ರಿಯವಾದುದು ಅಗಲಿದಾಗ ಅದು ಮರಳಲೆಂದು ಚಿಂತಿಸುವುದು ಇನ್ನೊಂದು; ರೋಗವೇದನೆಯ ಚಿಂತೆ ಮೂರನೆಯದು; ಮುಂದಿನ ಭೋಗಗಳನ್ನು ಬಯಸುವ ನಿದಾನವು ನಾಲ್ಕನೆಯದು. ಎರಡನೆಯದಾದ ಇಷ್ಟವಿಯೋಗವೇ ಪ್ರಸ್ತುತ ವಿಷಯ. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ವ್ರತವಿಲ್ಲದ ಗೃಹಸ್ಥನಿಗೂ ಅಣುವ್ರತಿಯಾದ ಶ್ರಾವಕನಿಗೂ ಆರ್ತಧ್ಯಾನವು ಸಂಭವಿಸುತ್ತದೆ. ಇಷ್ಟೇ ಅಲ್ಲ, ಆರನೆಯ ಗುಣಸ್ಥಾನದಲ್ಲಿರುವ ಪ್ರಮತ್ತಸಂಯತ ಮುನಿಗೂ ನಿದಾನವೊಂದನ್ನು ಬಿಟ್ಟು ಉಳಿದ ಮೂರು ಸಂಭವಿಸಬಹುದೆಂದು ಆಚಾರ್ಯರು ವಿವರಿಸಿದ್ದಾರೆ. ಪಂಚಮಹಾವ್ರತಗಳನ್ನು ಹೊತ್ತ ಮುನಿಗೆ ಸಂಭವಿಸಬಹುದಾದುದು ಅಂಗಡಿ ನಡೆಸುವ ಗೃಹಸ್ಥನಿಗೆ, ಅಡುಗೆಮನೆಯ ಗೃಹಿಣಿಗೆ ಸಂಭವಿಸಿದರೆ ಅಚ್ಚರಿಯೇನು?

ಹಾಗೆಂದು ಶೋಕವು ನಿರಪಾಯವಾದುದೂ ಅಲ್ಲ. ಅದೇ ಗ್ರಂಥದ ಆರನೆಯ ಅಧ್ಯಾಯದಲ್ಲಿ ದುಃಖ, ಶೋಕ, ತಾಪ, ಆಕ್ರಂದನ ಮೊದಲಾದವುಗಳನ್ನು ಅಸಾತಾವೇದನೀಯ ಕರ್ಮದ ಆಸ್ರವಕ್ಕೆ ಕಾರಣಗಳೆಂದು ಹೇಳಿದೆ. ‘ಅತ್ತರೆ ಕರ್ಮಬಂಧ’ ಎನ್ನುವವರು ನೆಚ್ಚುವುದು ಈ ಸೂತ್ರವನ್ನೇ. ಆದರೆ ಅವರು ಅದರ ಅರ್ಧವನ್ನು ಮಾತ್ರ ಓದಿರುತ್ತಾರೆ. ಇವು ತನ್ನಲ್ಲಿ ಉಂಟಾದರೂ, ಪರರಲ್ಲಿ ಉಂಟುಮಾಡಿದರೂ, ಇಬ್ಬರಲ್ಲಿ ಉಂಟಾದರೂ ಆಸ್ರವವೇ ಎಂಬುದು ಸೂತ್ರದ ಪೂರ್ಣಾರ್ಥ. ನೊಂದವಳ ಎದುರು ಕುಳಿತು ‘ಪೂರ್ವಜನ್ಮದಲ್ಲಿ ಯಾರ ಮಗನನ್ನು ಅಗಲಿಸಿದ್ದೆಯೋ’ ಎಂದು ನುಡಿದವನು ತನ್ನ ಮಾತಿನಿಂದ ಆಕೆಯ ತಾಪವನ್ನು ಹೆಚ್ಚಿಸಿದನಾದರೆ, ಆ ಆಸ್ರವದಲ್ಲಿ ಅವನಿಗೂ ಪಾಲಿದೆ. ಅದರ ಮುಂದಿನ ಸೂತ್ರದಲ್ಲಿ ಸಾತಾವೇದನೀಯದ ಕಾರಣಗಳನ್ನು ಹೇಳುವಾಗ ಮೊದಲು ಬರುವುದು ಸಕಲ ಪ್ರಾಣಿಗಳ ಮೇಲಿನ ಅನುಕಂಪೆ. ಶೋಕದ ಸೂತ್ರವನ್ನು ಕಲಿತವರು ಅನುಕಂಪೆಯ ಸೂತ್ರವನ್ನು ಬಿಟ್ಟುಬಿಟ್ಟರೆ ವ್ಯಾಧಿಯ ಹೆಸರನ್ನು ಬಲ್ಲವನು ಔಷಧಿಯನ್ನು ಮರೆತಂತಾಗುವುದು.

ವ್ಯಾಪಾರಿ ಕುಟುಂಬಗಳಿಗೆ ಈ ತತ್ತ್ವವು ಲೆಕ್ಕದ ಭಾಷೆಯಲ್ಲಿ ಸುಲಭವಾಗಿ ತಿಳಿಯುತ್ತದೆ. ಹಿಂದೆ ಮಾಡಿದ ಸಾಲದ ವಾಯಿದೆ ಬಂದು ಬಾಗಿಲಲ್ಲಿ ನಿಲ್ಲುವುದು ಕರ್ಮೋದಯ. ಅದನ್ನು ತಡೆಯುವುದು ಸಾಧ್ಯವಿಲ್ಲ. ಇದ್ದುದರಲ್ಲಿ ಸಮಾಧಾನದಿಂದ ತೀರಿಸುತ್ತ ಬಂದರೆ ಖಾತೆ ಇಳಿಯುತ್ತದೆ; ಅದು ನಿರ್ಜರೆ. ಹಳೆಯದನ್ನು ತೀರಿಸಲು ಹೊಸ ಸಾಲ ಮಾಡಿದರೆ ಖಾತೆ ಬೆಳೆಯುತ್ತದೆ, ಅದು ಬಂಧ. ಮಗನು ಹೋದನೆಂದು ಕಣ್ಣೀರು ಬರುವುದು ವಾಯಿದೆಯ ಕಂತು. ಅವನ ಸಾವಿಗೆ ಸೊಸೆಯ ಕಾಲ್ಗುಣ ಕಾರಣವೆಂದು ದ್ವೇಷ ಬೆಳೆಸುವುದು, ಬದುಕಿರುವ ಇನ್ನೊಬ್ಬ ಮಗನನ್ನು ಕಣ್ಣೆತ್ತಿ ನೋಡದಿರುವುದು, ಅನ್ನ ನೀರು ತೊರೆದು ದೇಹವನ್ನು ದಂಡಿಸುವುದು ಹೊಸ ಸಾಲ. ಸಾಂತ್ವನ ಹೇಳುವವನ ಕೆಲಸವು ಕಂತನ್ನು ತಡೆಯುವುದಲ್ಲ. ಹೊಸ ಸಾಲವಾಗದಂತೆ ಜೊತೆಯಲ್ಲಿ ನಿಲ್ಲುವುದು ಅವನ ಕೆಲಸ.

ಪುರಾಣಪುರುಷರ ಶೋಕವು ಇಳಿದ ಬಗೆ

ಜೈನ ಪುರಾಣಗಳು ಮಹಾಪುರುಷರ ಶೋಕವನ್ನು ಮುಚ್ಚಿಟ್ಟಿಲ್ಲ. ರವಿಷೇಣಾಚಾರ್ಯರ ಪದ್ಮಪುರಾಣದಲ್ಲಿ ಬರುವ ರಾಮಚರಿತೆಯನ್ನು ಸ್ಮರಿಸಬಹುದು. ಅಣ್ಣನು ಮೃತನಾದನೆಂಬ ಸುಳ್ಳು ಸುದ್ದಿಯನ್ನು ಕೇಳಿದ ಮಾತ್ರಕ್ಕೆ ಲಕ್ಷ್ಮಣನು ಪ್ರಾಣ ಬಿಟ್ಟನು. ರಾಮನು ಅದನ್ನು ನಂಬಲಿಲ್ಲ. ತಮ್ಮನ ಶವಕ್ಕೆ ಸ್ನಾನ ಮಾಡಿಸಿದನು, ವಸ್ತ್ರ ತೊಡಿಸಿದನು, ಬಾಯಿಗೆ ಅನ್ನವಿಟ್ಟನು, ಹೆಗಲ ಮೇಲೆ ಹೊತ್ತು ತಿರುಗಿದನು. ಇದು ಒಂದೆರಡು ದಿನದ ಮಾತಲ್ಲ, ಆರು ತಿಂಗಳ ಮಾತು. ವಿಭೀಷಣಾದಿಗಳು ಬಂದು ಸಂಸಾರದ ಅಸಾರತೆಯನ್ನು ಬೋಧಿಸಿದರು, ಸಂಸ್ಕಾರಕ್ಕೆ ಶವವನ್ನು ಒಪ್ಪಿಸೆಂದರು. ಅವರು ಹೇಳಿದ್ದು ಶಾಸ್ತ್ರಸಮ್ಮತವೇ ಆಗಿತ್ತು. ರಾಮನು ಮಾತ್ರ ಕುಪಿತನಾಗಿ ಶವದೊಡನೆ ಅಲ್ಲಿಂದ ಹೊರಟುಹೋದನು. ತದ್ಭವಮೋಕ್ಷಗಾಮಿಯಾದ ಬಲದೇವನಿಗೇ ಅನಿತ್ಯತೆಯ ಉಪದೇಶವು ಆ ಹೊತ್ತಿನಲ್ಲಿ ರುಚಿಸಲಿಲ್ಲ.

ಕೊನೆಗೆ ಅವನ ಭಾರವನ್ನು ಇಳಿಸಿದವರು ಯಾರು? ಪೂರ್ವದಲ್ಲಿ ಅವನ ಸೇನಾನಿಯಾಗಿದ್ದು ದೇವನಾಗಿ ಹುಟ್ಟಿದ್ದ ಕೃತಾಂತವಕ್ತ್ರ, ಮತ್ತು ದೇವಗತಿಯನ್ನು ಪಡೆದಿದ್ದ ಜಟಾಯು. ಇವರು ರಾಮನ ಎದುರಿನಲ್ಲಿ ಒಣಗಿದ ಮರಕ್ಕೆ ನೀರೆರೆದರು, ಮರಳನ್ನು ಹಿಂಡಿ ಎಣ್ಣೆ ತೆಗೆಯಲು ಹೊರಟರು. ಕೊನೆಗೆ ಒಬ್ಬನು ತಾನೂ ಒಂದು ಶವವನ್ನು ಹೆಗಲಿಗೇರಿಸಿಕೊಂಡು ಬಂದನು. ಹೆಣವನ್ನು ಏಕೆ ಹೊತ್ತಿರುವೆ ಎಂದು ರಾಮನೇ ಅವನನ್ನು ಕೇಳಿದನು. ಆ ಪ್ರಶ್ನೆಯು ತನಗೂ ಸಲ್ಲುವುದೆಂದು ಆಗ ಅವನಿಗೆ ತಾನಾಗಿ ಹೊಳೆಯಿತು. ಶೋಕವು ಇಳಿಯಿತು, ಅದೇ ಶೋಕವು ವೈರಾಗ್ಯಕ್ಕೆ ಕಾರಣವಾಯಿತು.

ಗುಣಭದ್ರಾಚಾರ್ಯರ ಉತ್ತರಪುರಾಣದಲ್ಲಿ ಬರುವ ಸಗರಚಕ್ರವರ್ತಿಯ ವೃತ್ತಾಂತವೂ ಇದೇ ಮಾರ್ಗವನ್ನು ತೋರುತ್ತದೆ. ಪೂರ್ವಭವದ ಮಿತ್ರನಾದ ಮಣಿಕೇತು ಎಂಬ ದೇವನು ಸಗರನ ಮಕ್ಕಳೆಲ್ಲರನ್ನೂ ತನ್ನ ಮಾಯೆಯಿಂದ ಮೃತರಂತೆ ಮಾಡಿ, ಬಳಿಕ ಸತ್ತ ಮಗನನ್ನು ಹೊತ್ತ ಮುದಿ ಬ್ರಾಹ್ಮಣನ ವೇಷದಲ್ಲಿ ಚಕ್ರವರ್ತಿಯ ಸಭೆಗೆ ಬಂದನು. ಮಗನನ್ನು ಬದುಕಿಸಿಕೊಡೆಂದು ಬೇಡಿದನು. ಮೃತ್ಯುವನ್ನು ತಡೆಯಬಲ್ಲವರು ಯಾರೂ ಇಲ್ಲವೆಂದು ಸಗರನು ಅವನಿಗೆ ತಿಳಿಹೇಳಿದನು. ತನ್ನ ಮಕ್ಕಳ ಸುದ್ದಿ ಬಂದೆರಗಿದಾಗ ಅವನಿಗೆ ಆಸರೆಯಾದುದು ತಾನೇ ಆಡಿದ ಆ ಮಾತು. ಅವನೂ ಮೊದಲು ಮೂರ್ಛೆ ಹೋದನು. ಎಚ್ಚತ್ತ ಮೇಲೆ ರಾಜ್ಯವನ್ನು ಭಗೀರಥನಿಗೆ ಒಪ್ಪಿಸಿ ದೀಕ್ಷೆಯನ್ನು ಸ್ವೀಕರಿಸಿದನು.

ಈ ಎರಡು ಕಥೆಗಳಲ್ಲಿಯೂ ಶೋಕವನ್ನು ಕಳೆಯಬಂದವನು ಉಪದೇಶಕನ ಪೀಠದಲ್ಲಿ ಕುಳಿತಿಲ್ಲ. ತಾನೂ ಹೆಣ ಹೊತ್ತವನಾಗಿ, ತಾನೂ ಮಗನನ್ನು ಕಳೆದುಕೊಂಡವನಾಗಿ ಬಂದಿದ್ದಾನೆ. ಸತ್ಯದ ಮಾತನ್ನು ಆಡಿದವನು ಶೋಕಿತನೇ. ಹಂಸಭಾವಿಯ ಆಡುಮಾತು ‘ಮಾತಾಡಿಸುವುದು’ ಎಂದು ಕರೆಯುವುದೂ ಇದನ್ನೇ. ಅನಿತ್ಯ, ಅಶರಣ ಮೊದಲಾದ ಅನುಪ್ರೇಕ್ಷೆಗಳು ತನಗೆ ತಾನೇ ಚಿಂತಿಸಿಕೊಳ್ಳತಕ್ಕವು. ಪರರಿಗೆ ಸಲ್ಲಬೇಕಾದುದು ಸಮ್ಯಗ್ದರ್ಶನದ ಅಂಗಗಳಾದ ವಾತ್ಸಲ್ಯ ಮತ್ತು ಸ್ಥಿತಿಕರಣ. ತನ್ನ ದುಃಖಕ್ಕೆ ಅನುಪ್ರೇಕ್ಷೆ, ಪರರ ದುಃಖಕ್ಕೆ ವಾತ್ಸಲ್ಯ ಎಂಬ ಈ ಕ್ರಮವು ತಲೆಕೆಳಗಾದಾಗ, ಅಂದರೆ ತನಗೆ ಮಾತ್ರ ಮಮತೆಯನ್ನೂ ಪರರಿಗೆ ಮಾತ್ರ ವೈರಾಗ್ಯವನ್ನೂ ವಿಧಿಸಿದಾಗ, ಧರ್ಮದ ಮಾತು ನಿಷ್ಠುರತೆಯಾಗಿ ಮಾರ್ಪಡುತ್ತದೆ.

ಮುರಿದ ಮನಸ್ಸು ಮತ್ತು ಊರಿನ ನಾಲಗೆ

ಮರಣವಿಲ್ಲದೆಯೂ ವಿಯೋಗವುಂಟು. ನಿಶ್ಚಯವಾದ ಮದುವೆಯು ಮುರಿಯುತ್ತದೆ. ಮೆಚ್ಚಿದವರು ಬೇರೊಬ್ಬರ ಕೈ ಹಿಡಿಯುತ್ತಾರೆ. ಕೂಡಿ ಬಾಳಿದ ದಂಪತಿಗಳು ಬೇರೆಯಾಗುತ್ತಾರೆ. ಸಾವಿನ ಮನೆಗೆ ಮಾತಾಡಿಸಲು ಬರುವ ಸಮಾಜವು ಇಂಥ ಮನೆಗೆ ಬರುವುದಿಲ್ಲ. ಬಂದರೂ ಕಾರಣವನ್ನು ಕೆದಕಲು ಬರುತ್ತದೆ. ಸಣ್ಣ ಊರಿನಲ್ಲಿ ಆ ಹುಡುಗಿಯು ಹಾಲು ತರಲು ಹೊರಟರೂ ಹತ್ತು ಕಣ್ಣುಗಳು ಹಿಂಬಾಲಿಸುತ್ತವೆ. ಕೆಲವು ಎಳೆಯ ಜೀವಗಳು ಈ ನೋಟವನ್ನು ತಾಳಲಾರದೆ ಪ್ರಾಣಕ್ಕೇ ಎರವಾಗುವುದುಂಟು.

ಕ್ರಿ.ಶ. 941ರಲ್ಲಿ ಪಂಪನು ಕನ್ನಡಿಸಿದ ಆದಿಪುರಾಣದ ಶ್ರೀಮತಿಯ ಕಥೆ ಇಲ್ಲಿ ದಾರಿದೀಪವಾಗಿದೆ. ಲಲಿತಾಂಗದೇವನು ಚ್ಯುತನಾದಾಗ ಸ್ವಯಂಪ್ರಭೆಯು ಶೋಕದಲ್ಲಿ ಮುಳುಗಿದಳು. ಅನಂತರ ಸಾಂತ್ವನವನ್ನು ಪಡೆದು ತನ್ನ ಆಯುಷ್ಯದ ಉಳಿದ ಆರು ತಿಂಗಳನ್ನು ಜಿನಪೂಜೆಯಲ್ಲಿ ಕಳೆದಳು. ರಾಮನು ತಮ್ಮನ ಶವವನ್ನು ಹೊತ್ತದ್ದೂ ಆರು ತಿಂಗಳು, ಈಕೆ ಪೂಜೆಯಲ್ಲಿ ತೊಡಗಿದ್ದೂ ಆರು ತಿಂಗಳು. ಕಾಲವು ತಾನಾಗಿ ಗಾಯವನ್ನು ಮಾಯಿಸುವುದೆಂಬ ಲೋಕದ ಮಾತು ಅರ್ಧಸತ್ಯ. ಆ ಕಾಲದಲ್ಲಿ ಹೆಗಲ ಮೇಲೆ ಏನಿತ್ತು, ಕೈಯಲ್ಲಿ ಏನಿತ್ತು ಎಂಬುದರ ಮೇಲೆ ಗುಣವಾಗುವುದು ನಿಂತಿದೆ. ಅದೇ ಸ್ವಯಂಪ್ರಭೆಯು ಶ್ರೀಮತಿಯಾಗಿ ಹುಟ್ಟಿದ ಮೇಲೆ ಒಂದು ದಿನ ಪೂರ್ವಜನ್ಮದ ನಲ್ಲನ ನೆನಪು ಮರುಕಳಿಸಿ ಮೂರ್ಛೆಹೋದಳು, ಬಳಿಕ ಮೌನವನ್ನು ತಾಳಿದಳು. ಆಕೆಯ ದಾದಿಯಾದ ಪಂಡಿತೆಯು ಗದರಲಿಲ್ಲ, ವಿಷಯವನ್ನು ಅರಮನೆಗೆಲ್ಲ ಸಾರಲಿಲ್ಲ. ಏಕಾಂತದಲ್ಲಿ ಪಕ್ಕದಲ್ಲಿ ಕುಳಿತು ಮೃದುವಾಗಿ ಕೇಳಿದಳು. ಶ್ರೀಮತಿಯು ಎಲ್ಲವನ್ನೂ ಹೇಳಿಕೊಂಡಳು, ತನ್ನ ಹಿಂದಿನ ಭವವನ್ನು ಚಿತ್ರಪಟದಲ್ಲಿ ಬರೆದಳು. ಆಕೆಯ ಬಾಳು ಮುಂದೆ ಸಾಗಿದ್ದು ಅಲ್ಲಿಂದ. ಪರರ ದೋಷವನ್ನು, ಪರರ ಗಾಯವನ್ನು ಬೀದಿಗೆ ತಾರದೆ ಮರೆಮಾಡುವ ಉಪಗೂಹನವೆಂಬ ಅಂಗವನ್ನು ಪಂಡಿತೆಯು ನಡೆಸಿ ತೋರಿಸಿದಳು. ಇಂಥ ಒಬ್ಬ ಚಿಕ್ಕಮ್ಮ, ಒಬ್ಬ ಅಕ್ಕ, ಒಬ್ಬ ಅಜ್ಜಿ ಪ್ರತಿ ಓಣಿಯಲ್ಲಿ ಇದ್ದರೆ ಎಷ್ಟೋ ಎಳೆಯ ಪ್ರಾಣಗಳು ಉಳಿಯುವವು.

ಶೋಕದಿಂದ ಪ್ರಾಣ ಬಿಡುವುದನ್ನು ಸಲ್ಲೇಖನದೊಡನೆ ಸೇರಿಸಿ ಮಾತಾಡುವ ಅಜ್ಞಾನವೂ ಅಲ್ಲಲ್ಲಿ ಕಾಣುತ್ತದೆ. ಸಲ್ಲೇಖನವು ಕಷಾಯಗಳನ್ನು ಕೃಶಗೊಳಿಸುವ ವ್ರತ. ಆತ್ಮಘಾತವು ಕಷಾಯದ ಉದ್ರೇಕದಲ್ಲಿ ನಡೆಯುವ ಹಿಂಸೆ. ನಿದ್ದೆ, ಆಹಾರಗಳನ್ನು ಮರೆತು, ಬದುಕೇ ಬೇಡವೆಂಬ ಮಾತು ಬಾಯಲ್ಲಿ ಬರುವಷ್ಟು ಶೋಕವು ಬೆಳೆದಾಗ ವೈದ್ಯರ ನೆರವನ್ನು ಪಡೆಯುವುದು ಧರ್ಮಕ್ಕೆ ಸಮ್ಮತವೇ ಆಗಿದೆ. ಚತುರ್ವಿಧ ದಾನಗಳಲ್ಲಿ ಔಷಧದಾನಕ್ಕೂ ಅಭಯದಾನಕ್ಕೂ ಸ್ಥಾನವಿರುವಾಗ ಮನಸ್ಸಿನ ರೋಗವನ್ನು ಹೊರಗಿಡಲು ಕಾರಣವಿಲ್ಲ. ಧಾರವಾಡದಲ್ಲಿ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯಿದೆ. ಕೇಂದ್ರ ಸರ್ಕಾರವು 2022ರ ಅಕ್ಟೋಬರ್‌ನಲ್ಲಿ ಆರಂಭಿಸಿದ ‘ಟೆಲಿ ಮಾನಸ್’ ದೂರವಾಣಿ ಸೇವೆಯ ಸಂಖ್ಯೆ 14416. ಈ ಸಂಖ್ಯೆಯನ್ನು ಜಿನಮಂದಿರದ ಸೂಚನಾಫಲಕದ ಮೇಲೆ ಬರೆದಿಡುವುದು ಯಾವ ಪ್ರಭಾವನೆಗೂ ಕಡಿಮೆಯದಲ್ಲ.

ಲಕ್ಕುಂಡಿಯ ತಾಯಿ, ಬಂಕಾಪುರದ ಶಿಷ್ಯ

ಪುರಾಣದ ದೇವತೆಗಳ ಸಹಾಯವು ಎಲ್ಲರಿಗೂ ದೊರೆಯದು ಎಂದು ಯಾರಾದರೂ ಹೇಳಬಹುದು. ಅಂಥವರು ಈ ನೆಲದ ಇತಿಹಾಸವನ್ನು ನೋಡಬೇಕು. ಹತ್ತನೆಯ ಶತಮಾನದ ಕೊನೆಯಲ್ಲಿ ಚಾಲುಕ್ಯ ತೈಲಪನ ಸೇವೆಯಲ್ಲಿದ್ದ ನಾಗದೇವನು ಅಕಾಲದಲ್ಲಿ ಮೃತನಾದನು. ಅವನಿಗೆ ಮಡದಿಯರು ಇಬ್ಬರು, ಅಕ್ಕತಂಗಿಯರು. ತಂಗಿ ಗುಂಡಮಬ್ಬೆಯು ಗಂಡನೊಡನೆ ಚಿತೆಯನ್ನು ಏರಿದಳು. ಅಕ್ಕ ಅತ್ತಿಮಬ್ಬೆಯು ಉಳಿದಳು. ಒಂದೇ ಮನೆ, ಒಂದೇ ಸಾವು, ಒಂದೇ ರಕ್ತದ ಇಬ್ಬರು ಹೆಣ್ಣುಮಕ್ಕಳು, ದಾರಿಗಳು ಎರಡು. ಗುಂಡಮಬ್ಬೆಯ ದುಃಖವನ್ನು ಹಗುರವಾಗಿ ಕಾಣುವುದು ಯಾರಿಗೂ ಸಲ್ಲದು. ಆದರೆ ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಬೆಂಕಿಗೆ ಬೀಳುವುದನ್ನು ಲೋಕಮೂಢತೆಗಳಲ್ಲಿ ಎಣಿಸಿದೆ ಎಂಬುದನ್ನು ಶ್ರಾವಕರು ಮರೆಯಲಾಗದು.

ಅತ್ತಿಮಬ್ಬೆಯು ಬದುಕಿದಳು, ಮಗನನ್ನು ಬೆಳೆಸಿದಳು, ತನ್ನ ಶೋಕಕ್ಕೆ ಕೆಲಸವನ್ನು ಕೊಟ್ಟಳು. ಪೊನ್ನಕವಿಯ ಶಾಂತಿಪುರಾಣವನ್ನು ಸಾವಿರ ಪ್ರತಿ ಮಾಡಿಸಿ ಹಂಚಿದಳು. ಆ ಕಾವ್ಯವನ್ನು ಬರೆಸಿದವರು ಆಕೆಯ ತಂದೆ ಮಲ್ಲಪಯ್ಯ ಮತ್ತು ಅವನ ಸೋದರ ಪುನ್ನಮಯ್ಯ. ಅದು ಅವರ ಗುರು ಜಿನಚಂದ್ರದೇವರ ಸ್ಮರಣೆಗಾಗಿ ಹುಟ್ಟಿದ ಗ್ರಂಥ. ಒಂದು ತಲೆಮಾರಿನ ಅಗಲಿಕೆಯಿಂದ ಹುಟ್ಟಿದ ಪುಸ್ತಕವನ್ನು ಮುಂದಿನ ತಲೆಮಾರಿನ ವಿಯೋಗಿನಿಯು ಸಾವಿರ ಮನೆಗಳಿಗೆ ಮುಟ್ಟಿಸಿದಳು. ಸಾವಿರದ ಐದುನೂರು ಜಿನಬಿಂಬಗಳನ್ನು ಮಾಡಿಸಿ ದಾನವಿತ್ತಳು. 993ರಲ್ಲಿ ರನ್ನನಿಂದ ಅಜಿತಪುರಾಣವನ್ನು ಬರೆಸಿದಳು. ಮಕ್ಕಳನ್ನು ಕಳೆದುಕೊಂಡ ಸಗರಚಕ್ರವರ್ತಿಯ ಕಥೆ ಬರುವುದು ಆ ಪುರಾಣದಲ್ಲಿಯೇ. ಗಂಡನನ್ನು ಕಳೆದುಕೊಂಡವಳು ಬರೆಸಿದ ಕಾವ್ಯದಲ್ಲಿ ಶೋಕದಿಂದ ಎದ್ದು ನಿಂತವನ ಕಥೆಯಿದೆ. 1007ರಲ್ಲಿ ಲಕ್ಕುಂಡಿಯಲ್ಲಿ ಆಕೆ ಕಟ್ಟಿಸಿದ ಜಿನಾಲಯವು ಇಂದಿಗೂ ನಿಂತಿದೆ. ‘ದಾನಚಿಂತಾಮಣಿ’ ಎಂಬ ಬಿರುದು ವೈಭವದ ದಿನಗಳಲ್ಲಿ ಬಂದದ್ದಲ್ಲ, ವೈಧವ್ಯದ ದಿನಗಳಲ್ಲಿ ಗಳಿಸಿದ್ದು. ಆ ಕಾಲದ ಜೈನ ಸಮಾಜವು ಆಕೆಯನ್ನು ಅಮಂಗಳೆಯೆಂದು ಮೂಲೆಗೆ ತಳ್ಳಿದ್ದರೆ ಈ ಯಾವುದೂ ಆಗುತ್ತಿರಲಿಲ್ಲ.

ಶಿಗ್ಗಾಂವಿ ತಾಲ್ಲೂಕಿನ ಬಂಕಾಪುರವು ಹಂಸಭಾವಿಗೆ ದೂರದ ಊರೇನಲ್ಲ. ರಾಷ್ಟ್ರಕೂಟರ ಕಾಲದಲ್ಲಿ, ಶಕವರ್ಷ 820ರಲ್ಲಿ, ಎಂದರೆ ಕ್ರಿ.ಶ. 898ರ ಹೊತ್ತಿಗೆ, ಲೋಕಾದಿತ್ಯನು ಆಳುತ್ತಿದ್ದ ಆ ಊರಿನಲ್ಲಿ ಉತ್ತರಪುರಾಣಕ್ಕೆ ಪೂಜೆ ಸಂದಿತು. ಆ ಗ್ರಂಥದ ಹಿಂದೆ ಅಗಲಿಕೆಗಳ ಒಂದು ಸರಪಣಿಯೇ ಇದೆ. ವೀರಸೇನಾಚಾರ್ಯರು ಜಯಧವಲಾ ಟೀಕೆಯನ್ನು ಇಪ್ಪತ್ತು ಸಾವಿರ ಶ್ಲೋಕಪ್ರಮಾಣದಷ್ಟು ಬರೆದು ಕಾಲವಾದರು. ಶಿಷ್ಯರಾದ ಜಿನಸೇನರು ಇನ್ನೂ ನಲವತ್ತು ಸಾವಿರವನ್ನು ಬರೆದು 837ರಲ್ಲಿ ಅದನ್ನು ಮುಗಿಸಿದರು. ಬಳಿಕ ಜಿನಸೇನರು ಮಹಾಪುರಾಣವನ್ನು ಆರಂಭಿಸಿ ಆದಿಪುರಾಣವು ಮುಗಿಯುವ ಮೊದಲೇ ಅಗಲಿದರು. ಅವರ ಶಿಷ್ಯರಾದ ಗುಣಭದ್ರರು ಉಳಿದ ಭಾಗವನ್ನು ಪೂರೈಸಿ ಉತ್ತರಪುರಾಣವನ್ನು ರಚಿಸಿದರು. ಗುರುವನ್ನು ಕಳೆದುಕೊಂಡ ಶಿಷ್ಯನು ಗುರುವು ನಿಲ್ಲಿಸಿದ ಸಾಲಿನಿಂದಲೇ ಬರವಣಿಗೆಯನ್ನು ಎತ್ತಿಕೊಂಡನು. ಶೋಕಕ್ಕೆ ಇದಕ್ಕಿಂತ ಗಂಭೀರವಾದ ಉತ್ತರವು ದುರ್ಲಭ.

ಒಂದು ಆಕ್ಷೇಪ

ಇಷ್ಟನ್ನು ಕೇಳಿದ ತತ್ತ್ವನಿಷ್ಠರು ಒಂದು ಆಕ್ಷೇಪವನ್ನು ಎತ್ತಬಹುದು. ಶೋಕಿತನಿಗೆ ಮಾತಾಡಲು ಎಡೆಗೊಟ್ಟು, ಅಗಲಿದವರ ಹೆಸರಿನಲ್ಲಿ ಗ್ರಂಥ, ಬಿಂಬ, ದಾನಗಳನ್ನು ಮಾಡಿಸಿದರೆ ಮಮಕಾರವನ್ನು ಪೋಷಿಸಿದಂತಾಗದೆ? ಆತ್ಮನು ಏಕಾಕಿ ಎಂಬ ಏಕತ್ವಭಾವನೆಗೆ ಇದು ವಿರೋಧವಲ್ಲವೆ?

ಆಕ್ಷೇಪವು ಬಲವಾದುದೇ. ಉತ್ತರವು ಭೇದವಿಜ್ಞಾನದಲ್ಲಿದೆ. ಹಾಲುನೀರುಗಳನ್ನು ಬೇರ್ಪಡಿಸುವ ಹಂಸವು ವಿವೇಕಕ್ಕೆ ಸಂಕೇತವೆಂಬುದು ಪ್ರಸಿದ್ಧ. ಹಂಸಭಾವಿಯವರ ಊರಿನ ಹೆಸರಿನಲ್ಲಿಯೇ ಆ ಪಕ್ಷಿಯಿದೆ. ಶೋಕದಲ್ಲಿ ಎರಡು ವಸ್ತುಗಳು ಬೆರೆತಿರುತ್ತವೆ. ಒಂದು, ಅಗಲಿದವರಿಂದ ಪಡೆದ ಪ್ರೀತಿ, ಉಪಕಾರ, ಸದ್ಗುಣಗಳ ನೆನಪು. ಇನ್ನೊಂದು, ‘ನನ್ನದಾಗಿತ್ತು, ನನ್ನಿಂದ ಹೋಯಿತು’ ಎಂಬ ಸ್ವಾಮ್ಯದ ಹಟ. ಮೊದಲನೆಯದು ಕೃತಜ್ಞತೆ, ಎರಡನೆಯದು ಮೋಹ. ಅವಸರದ ಉಪದೇಶಕನು ಎರಡನ್ನೂ ಕೂಡಿಯೇ ಚೆಲ್ಲಿಬಿಡಬೇಕೆನ್ನುತ್ತಾನೆ. ಕುರುಡು ಶೋಕಿಯು ಎರಡನ್ನೂ ಹೊತ್ತು ತಿರುಗುತ್ತಾನೆ. ಅತ್ತಿಮಬ್ಬೆಯು ನಾಗದೇವನನ್ನು ಮರಳಿ ಬೇಡಲಿಲ್ಲ, ಮರೆಯಲೂ ಇಲ್ಲ. ಗುಣಭದ್ರರು ಗುರುವಿನ ದೇಹಕ್ಕಾಗಿ ಹಂಬಲಿಸದೆ ಗುರುವಿನ ಕಾರ್ಯವನ್ನು ಮುಂದುವರಿಸಿದರು. ಬೇರ್ಪಡಿಸುವ ಈ ಕ್ರಿಯೆಗೆ ಕಾಲ ಬೇಕು, ಶಾಂತಿ ಬೇಕು, ಜೊತೆಯಲ್ಲಿ ಕುಳಿತವರು ಬೇಕು. ಕೈ ನಡುಗುತ್ತಿರುವವನಿಗೆ ತಕ್ಕಡಿಯನ್ನು ಕೊಟ್ಟು ಸರಿಯಾಗಿ ತೂಗೆಂದರೆ ತೂಕವು ನಿಲ್ಲುವುದೆ?

ಸಮಾಜವೂ ವಿಶ್ವಸ್ತ ಮಂಡಳಿಗಳೂ ಮಾಡತಕ್ಕುದು

ಈ ವಿಚಾರವು ಆಚರಣೆಗೆ ಬಾರದಿದ್ದರೆ ವ್ಯರ್ಥ. ಮೊದಲನೆಯದಾಗಿ, ಸೂತಕ ಕಳೆದ ಮೇಲೆ ಮನೆಯು ಬರಿದಾಗುತ್ತದೆ. ನಿಜವಾದ ಒಂಟಿತನವು ಆರಂಭವಾಗುವುದು ಆಗ. ಮೂರನೆಯ ತಿಂಗಳಲ್ಲಿ, ಆರನೆಯ ತಿಂಗಳಲ್ಲಿ, ಮೊದಲ ದಶಲಕ್ಷಣ ಪರ್ವದಲ್ಲಿ ಹೋಗಿ ಮಾತಾಡಿಸುವವರು ಬೇಕು. ಜೈನರ ಮನೆಗಳು ಬೆರಳೆಣಿಕೆಯಷ್ಟೇ ಇರುವ ಊರುಗಳಲ್ಲಿ ಇದು ಇನ್ನೂ ಅಗತ್ಯ. ಎರಡನೆಯದಾಗಿ, ಗಂಡನನ್ನು ಕಳೆದುಕೊಂಡ ಶ್ರಾವಿಕೆಯನ್ನು ಮಂಗಳಕಾರ್ಯಗಳಲ್ಲಿ ಹಿಂದಿನ ಸಾಲಿಗೆ ಸರಿಸುವ ರೂಢಿಯು ಎಲ್ಲೆಲ್ಲಿ ಉಳಿದಿದೆಯೋ ಅಲ್ಲೆಲ್ಲ ಅದನ್ನು ಕೈಬಿಡಬೇಕು. ಅತ್ತಿಮಬ್ಬೆಯ ಹೆಸರಿನಲ್ಲಿ ಪ್ರಶಸ್ತಿಗಳನ್ನು ಕೊಡುವ ನಾಡಿನಲ್ಲಿ ಅತ್ತಿಮಬ್ಬೆಯ ಸ್ಥಿತಿಯಲ್ಲಿರುವವಳ ಕೈಯಿಂದ ಆರತಿಯನ್ನು ಕಿತ್ತುಕೊಳ್ಳುವುದು ಅಸಂಗತ. ಮೂರನೆಯದಾಗಿ, ದುಃಖದಲ್ಲಿರುವವರಿಗೆ ಕೆಲಸವನ್ನು ಒಪ್ಪಿಸಬೇಕು: ಪಾಠಶಾಲೆಯ ಮಕ್ಕಳಿಗೆ ಕಲಿಸುವುದು, ಗ್ರಂಥಭಂಡಾರವನ್ನು ಒಪ್ಪವಾಗಿಡುವುದು, ವಿಹಾರದಲ್ಲಿರುವ ತ್ಯಾಗಿಗಳ ಆಹಾರವ್ಯವಸ್ಥೆಯನ್ನು ನೋಡಿಕೊಳ್ಳುವುದು. ಕೆಲಸವನ್ನು ದಯೆಯ ಹೆಸರಿನಲ್ಲಿ ಕೊಡದೆ ‘ನಿಮ್ಮಿಂದಲೇ ಆಗಬೇಕು’ ಎಂಬ ಗೌರವದಿಂದ ಕೊಡಬೇಕು.

ನಾಲ್ಕನೆಯದು ವ್ಯಾಪಾರಿಗಳಿಗೆ ವಿಶೇಷವಾಗಿ ಸಂಬಂಧಿಸಿದ್ದು. ಹತ್ತಿ, ಗೋವಿನಜೋಳಗಳನ್ನು ಬೆಳೆಯುವ ಈ ಪ್ರದೇಶದಲ್ಲಿ ಮಳೆ ಕೈಕೊಟ್ಟ ವರ್ಷ ಸಾಲದ ಭಾರವನ್ನು ತಾಳಲಾರದೆ ರೈತರು ಪ್ರಾಣ ಬಿಟ್ಟ ಸುದ್ದಿಗಳು ಬರುತ್ತಲೇ ಇವೆ. ಬೀಜ, ಗೊಬ್ಬರ, ಬಟ್ಟೆ, ಕಿರಾಣಿಗಳನ್ನು ಉದ್ರಿ ಕೊಟ್ಟ ಅಂಗಡಿಕಾರನ ಖತಾವಣಿಯಲ್ಲಿ ಸತ್ತವನ ಹೆಸರು ಹಾಗೆಯೇ ಇರುತ್ತದೆ. ಲೆಕ್ಕದ ದೃಷ್ಟಿಯಿಂದ ಅದು ಬರಬೇಕಾದ ಹಣ. ಆ ವಿಧವೆಯ ಮನೆಗೆ ಮೊದಲ ಸಲ ಹೋಗುವಾಗ ಕೈಯಲ್ಲಿ ಆ ಪುಟ ಇರಬೇಕೆ, ಇರಬಾರದೆ? ಅನುಕಂಪೆಯ ಸೂತ್ರವು ಸಾಧರ್ಮಿಗಳಿಗಷ್ಟೇ ಸೀಮಿತವಾಗಿಲ್ಲ. ಸಕಲ ಪ್ರಾಣಿಗಳೆಂದು ಹೇಳುವಾಗ ಆ ರೈತನ ಹೆಂಡತಿ ಮಕ್ಕಳು ಹೊರಗುಳಿಯರು. ಕೆಲವರು ಬಾಕಿಯನ್ನು ಬಿಟ್ಟುಬಿಡಬಲ್ಲರು, ಕೆಲವರಿಗೆ ಆ ಶಕ್ತಿಯಿಲ್ಲ. ಒಂದು ಸುಗ್ಗಿಯ ತನಕ ಕೇಳದಿರುವುದು, ಬಡ್ಡಿಯನ್ನು ಹಚ್ಚದಿರುವುದು, ಬಾಗಿಲಲ್ಲಿ ನಿಂತು ಕೂಗದಿರುವುದು ಮಾತ್ರ ಎಲ್ಲರಿಗೂ ಶಕ್ಯ. ಪರಿಗ್ರಹಪರಿಮಾಣವ್ರತವನ್ನು ತೂಗುವ ತಕ್ಕಡಿ ಇದು. ಕೀಟವನ್ನು ಉಳಿಸಲು ನೀರನ್ನು ಸೋಸುವ ಕೈಯು ಮನುಷ್ಯನ ಕೊರಳಿಗೆ ಲೆಕ್ಕವನ್ನು ಬಿಗಿಯಬಾರದು.

ಗೌತಮಸ್ವಾಮಿಯ ದೀಪ

ಕ್ರಿ.ಪೂ. 527ರಲ್ಲಿ ಭಗವಾನ್ ಮಹಾವೀರರು ಪಾವಾಪುರಿಯಲ್ಲಿ ನಿರ್ವಾಣವನ್ನು ಹೊಂದಿದರೆಂಬುದು ಪರಂಪರೆ. ಅದು ಜೈನಸಂಘಕ್ಕೆ ಒದಗಿದ ಅತಿ ದೊಡ್ಡ ವಿಯೋಗ. ಸ್ವಾಮಿಯ ಮೇಲಿನ ಅನುರಾಗವೇ ಗೌತಮ ಗಣಧರರಿಗೆ ಕೊನೆಯ ತೊಡಕಾಗಿತ್ತೆಂದು ಶ್ವೇತಾಂಬರ ಪರಂಪರೆಯು ಹೇಳುತ್ತದೆ. ನಿರ್ವಾಣದ ದಿನದಂದೇ ಸಂಜೆ ಗೌತಮರಿಗೆ ಕೇವಲಜ್ಞಾನವು ಉದಯಿಸಿತೆಂದು ದಿಗಂಬರ ಪರಂಪರೆಯು ಸ್ಮರಿಸುತ್ತದೆ. ಜ್ಞಾನಸೂರ್ಯನು ಮರೆಯಾದನೆಂದು ಜನರು ಕತ್ತಲಲ್ಲಿ ಕುಳಿತು ಗೋಳಿಡಲಿಲ್ಲ, ದೀಪಗಳನ್ನು ಹಚ್ಚಿದರು. ದೀಪಾವಳಿಯು ಜೈನರ ಪಾಲಿಗೆ ಅಗಲಿಕೆಯನ್ನು ಬೆಳಕಾಗಿ ಮಾಡಿಕೊಂಡ ಹಬ್ಬ.

ಲೆಕ್ಕಪತ್ರಗಳೆಲ್ಲ ಗಣಕಯಂತ್ರಕ್ಕೆ ಸೇರಿದ ಮೇಲೆಯೂ ವ್ಯಾಪಾರಿಗಳು ಆ ಹಬ್ಬದಲ್ಲಿ ಹೊಸ ಕಿರ್ದಿಯನ್ನು ಪೂಜಿಸುವ ಸಂಪ್ರದಾಯವನ್ನು ಉಳಿಸಿಕೊಂಡಿದ್ದಾರೆ. ಹಳೆಯ ವಹಿಯ ಬಾಕಿಯನ್ನು ಹೊಸ ವಹಿಯ ಮೊದಲ ಪುಟಕ್ಕೆ ತಂದು ಬರೆಯುವುದು ರೂಢಿ. ಹಳೆಯ ಪುಟಗಳನ್ನೇ ಮತ್ತೆ ಮತ್ತೆ ತಿರುವುತ್ತ ಕೂರುವವನ ಅಂಗಡಿ ನಡೆಯದು, ಬಾಕಿಯನ್ನು ಹರಿದೊಗೆದವನ ಲೆಕ್ಕವೂ ಸರಿಹೊಂದದು. ಅಗಲಿದವರಿಂದ ಪಡೆದುದನ್ನು ಮೊದಲ ಸಾಲಿನಲ್ಲಿ ಬರೆದುಕೊಂಡು ಮುಂದಿನ ದಿನದ ವ್ಯವಹಾರವನ್ನು ಆರಂಭಿಸುವವನು ಶೋಕವನ್ನು ಗೆದ್ದನು. ಆ ಮೊದಲ ಸಾಲನ್ನು ಬರೆಯುವಾಗ ಅವನ ಕೈ ನಡುಗಿದರೆ, ಪಕ್ಕದ ಮನೆಯವರು ಬಂದು ದೀಪವನ್ನು ಹಿಡಿದು ನಿಲ್ಲಬೇಕು. ಸಾಧರ್ಮಿ ವಾತ್ಸಲ್ಯದ ಅರ್ಥವು ಇದೇ. ಸರ್ವ ಜೀವರಿಗೂ ಶಾಂತಿಯುಂಟಾಗಲಿ.